ಕಾಕ್‌ಪಿಟ್ ಎಷ್ಟು ನಿಜ? ಫ್ಲೈಟ್ ಸಿಮ್ಯುಲೇಟರ್‌ನ ಪ್ರಯಾಣಿಕ ವಿಮಾನಗಳ ಆ್ಯಡ್-ಆನ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯ ಕಂಪ್ಯೂಟರಿನಲ್ಲಿ ಏರ್‌ಬಸ್ಸನ್ನೋ ಬೋಯಿಂಗನ್ನೋ ಹಾರಿಸುವ ಹವ್ಯಾಸವುಳ್ಳವರು ಆ್ಯಡ್-ಆನ್ (ಸಿಮ್ಯುಲೇಟರಿಗೆ ಪ್ರತ್ಯೇಕವಾಗಿ ಸೇರಿಸಿಕೊಳ್ಳುವ ವಿಮಾನದ ತಂತ್ರಾಂಶ) ಕೊಳ್ಳುವ ಮೊದಲು ಮತ್ತು ಕೊಂಡ ಮೇಲೆ ಕೇಳುವ ಪ್ರಶ್ನೆಗಳು ಬಹುಮಟ್ಟಿಗೆ ಒಂದೇ ಬಗೆಯವು. ಅವುಗಳಿಗೆ ನನ್ನ ಅನುಭವಕ್ಕೆ ಬಂದಷ್ಟು ಉತ್ತರಗಳನ್ನು ಇಲ್ಲಿ ಬರೆದಿದ್ದೇನೆ. ಹೆಚ್ಚಿನ ಉದಾಹರಣೆಗಳು ಏರ್‌ಬಸ್ ಎ320 ಮತ್ತು ಬೋಯಿಂಗ್ 737 ವಿಮಾನಗಳವು. ನಮ್ಮ ಆಕಾಶದಲ್ಲಿ ದಿನನಿತ್ಯ ಕಾಣುವ ವಿಮಾನಗಳು ಅವೇ, ಅತ್ಯಂತ ಆಳವಾಗಿ ರೂಪಿಸಿದ ಆ್ಯಡ್-ಆನ್‌ಗಳು ಇರುವುದೂ ಅವುಗಳಿಗೇ.

ಕಾಕ್‌ಪಿಟ್‌ನ ನೈಜತೆ ಎಂದರೆ ಏನು?

ಕಾಕ್‌ಪಿಟ್ ನೋಟಕ್ಕೆ ಗುಂಡಿ, ದೀಪ ಮತ್ತು ಪರದೆಗಳ ಗೋಡೆ. ಆದರೆ ಪ್ರತಿಯೊಂದು ಗುಂಡಿಯ ಹಿಂದೆ ತಂತಿ, ರಿಲೇ, ಕವಾಟ, ಪಂಪು, ಕಂಪ್ಯೂಟರುಗಳ ಒಂದು ಸರಪಳಿಯೇ ಇರುತ್ತದೆ. ಎ320ರಲ್ಲಿ ಎಂಜಿನ್‌ಗಳು ನಿಂತಿರುವಾಗ ತಲೆಯ ಮೇಲಿನ ಪ್ಯಾನೆಲಿನಲ್ಲಿರುವ ಹಳದಿ ಹೈಡ್ರಾಲಿಕ್ ವ್ಯವಸ್ಥೆಯ ವಿದ್ಯುತ್ ಪಂಪನ್ನು ಚಾಲೂ ಮಾಡಿ ನೋಡಿ. ಹಳದಿ ವ್ಯವಸ್ಥೆಯ ಒತ್ತಡ 3000 ಪಿಎಸ್‌ಐಗೆ ಏರಬೇಕು. ಹಸಿರು ವ್ಯವಸ್ಥೆಯಲ್ಲಿ ಒತ್ತಡವಿಲ್ಲದ ಕಾರಣ, ಎರಡರ ನಡುವಿನ ವ್ಯತ್ಯಾಸ ಸುಮಾರು 500 ಪಿಎಸ್‌ಐ ದಾಟಿದೊಡನೆ, ಎರಡು ವ್ಯವಸ್ಥೆಗಳ ನಡುವೆ ಬಲವನ್ನು ದಾಟಿಸುವ ಪಿಟಿಯು ಎಂಬ ಘಟಕ ತಾನಾಗಿಯೇ ಓಡತೊಡಗಬೇಕು, ನಾಯಿ ಬೊಗಳಿದಂತಹ ಅದರ ಪರಿಚಿತ ಸದ್ದು ನೆಲದಡಿಯಿಂದ ಕೇಳಬೇಕು, ಹಸಿರು ಒತ್ತಡವೂ ಮೇಲೇರಬೇಕು. ಆಳವಿಲ್ಲದ ಆ್ಯಡ್-ಆನ್‌ನಲ್ಲಿ ಗುಂಡಿಯ ದೀಪವಷ್ಟೇ ಬದಲಾಗಿ ಕಥೆ ಅಲ್ಲಿಗೆ ಮುಗಿಯುತ್ತದೆ.

ಎಲ್ಲವನ್ನೂ ಸರಿಯಾದ ಕ್ರಮದಲ್ಲಿ ಮಾಡಿದಾಗ ಸರಿಯಾಗಿ ಹಾರುವ ವಿಮಾನವನ್ನು ರೂಪಿಸುವುದು ಅಷ್ಟು ಕಷ್ಟದ ಕೆಲಸವಲ್ಲ. ಪೈಲಟ್ ತಪ್ಪು ಮಾಡಿದಾಗ ನಿಜವಾದ ವಿಮಾನ ಹೇಗೆ ಅಡ್ಡಿಪಡಿಸುತ್ತದೆಯೋ, ಹೇಗೆ ಎಚ್ಚರಿಸುತ್ತದೆಯೋ, ಕೆಲವೊಮ್ಮೆ ಹೇಗೆ ಸುಮ್ಮನೆ ತಪ್ಪನ್ನು ಒಪ್ಪಿಕೊಂಡು ಮುಂದುವರಿಯುತ್ತದೆಯೋ ಹಾಗೆಯೇ ನಡೆದುಕೊಳ್ಳುವ ವಿಮಾನವನ್ನು ರೂಪಿಸುವುದು ನಿಜಕ್ಕೂ ಕಷ್ಟ. ನಾನು ಯಾವ ಆ್ಯಡ್-ಆನ್ ಅನ್ನು ಅಳೆಯುವುದೂ ಈ ಒಂದೇ ಅಳತೆಗೋಲಿನಿಂದ.

"ಎಲ್ಲ ಸ್ವಿಚ್‌ಗಳೂ ಕೆಲಸ ಮಾಡುತ್ತವೆ" ಎಂದು ತಯಾರಕರು ಹೇಳಿದರೆ ನಂಬಬಹುದೇ?

ಆ ಮಾತು ಸುಳ್ಳಾಗಿರಬೇಕೆಂದಿಲ್ಲ, ಆದರೆ ಅದರಿಂದ ತಿಳಿಯುವುದು ಬಹಳ ಕಡಿಮೆ. ಸ್ವಿಚ್ ಅಲುಗಾಡುತ್ತದೆ ಎಂಬುದು ಬೇರೆ, ಅದು ಯಾವ ವಿದ್ಯುತ್ ಬಸ್‌ನಿಂದ (ವಿದ್ಯುತ್ ಹಂಚುವ ಮಾರ್ಗದಿಂದ) ಶಕ್ತಿ ಪಡೆಯುತ್ತದೆ ಎಂಬುದು ಗೊತ್ತಿರುವುದು ಬೇರೆ. ಕೊಳ್ಳುವ ಮುನ್ನ ಯಾರಾದರೂ ಹಾರಿಸುತ್ತಿರುವ ವಿಡಿಯೊ ನೋಡುವುದಾದರೆ ಚೆಂದದ ಲ್ಯಾಂಡಿಂಗ್ ನೋಡಬೇಡಿ. ಒಂದು ಜನರೇಟರನ್ನು ಆರಿಸಿದಾಗ ಯಾವ ಪರದೆ ಮಿನುಗಿತು, ಯಾವುದು ಹಾಗೆಯೇ ಉಳಿಯಿತು ಎಂದು ತೋರಿಸುವ ವಿಡಿಯೊ ಹುಡುಕಿ.

ಸಿಮ್ಯುಲೇಟರಿನ ಜೊತೆಗೇ ಬರುವ ವಿಮಾನಗಳು ಸಾಲವೇ?

ಹಲವರಿಗೆ ಸಾಕು. ಸಂಜೆ ಅರ್ಧ ಗಂಟೆ ಬಿಡುವು ಸಿಕ್ಕಾಗ ಪಶ್ಚಿಮ ಘಟ್ಟಗಳ ಮೇಲೆ ಸೂರ್ಯಾಸ್ತ ನೋಡುತ್ತ ಹಾರುವುದೇ ಉದ್ದೇಶವಾದರೆ ದುಬಾರಿ ಆ್ಯಡ್-ಆನ್‌ನ ಅಗತ್ಯವಿಲ್ಲ. ಜೊತೆಗೆ ಬರುವ ವಿಮಾನಗಳ ಗುಣಮಟ್ಟವೂ ಬಹಳ ಸುಧಾರಿಸಿದೆ. 2022ರ ನವೆಂಬರಿನಲ್ಲಿ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರಿನ 40ನೆಯ ವಾರ್ಷಿಕೋತ್ಸವದ ಅಂಗವಾಗಿ ಇನಿಬಿಲ್ಡ್ಸ್ ಸಂಸ್ಥೆ ರೂಪಿಸಿದ ಎ310 ವಿಮಾನ ಎಲ್ಲರಿಗೂ ಉಚಿತವಾಗಿ ದೊರೆಯಿತು. ಕೆಲವೇ ವರ್ಷಗಳ ಹಿಂದೆ ಅಷ್ಟು ವಿವರವುಳ್ಳ ವಿಮಾನಕ್ಕೆ ಹಣ ತೆರಬೇಕಾಗಿತ್ತು.

ಉಚಿತವಾಗಿ ಸಿಗುವ ಒಳ್ಳೆಯ ವಿಮಾನಗಳು ಬೇರೆ ಯಾವುವು?

ಫ್ಲೈಬೈವೈರ್ ಎಂಬ ಮುಕ್ತ ತಂತ್ರಾಂಶ ತಂಡ 2020ರಲ್ಲಿ ಸಿಮ್ಯುಲೇಟರಿನ ಮೂಲ ಎ320ನಿಯೋ (ಹೊಸ ಎಂಜಿನ್‌ಗಳ ಎ320) ವಿಮಾನವನ್ನೇ ತಿದ್ದಲು ಆರಂಭಿಸಿ, ಕ್ರಮೇಣ ಬಹುತೇಕ ಪ್ರತಿಯೊಂದು ವ್ಯವಸ್ಥೆಯನ್ನೂ ಹೊಸದಾಗಿ ಬರೆಯಿತು. ಅದೇ ತಂಡ ಮುಂದೆ ಎ380 ವಿಮಾನವನ್ನೂ ಉಚಿತವಾಗಿ ಕೊಟ್ಟಿದೆ. ಎಕ್ಸ್-ಪ್ಲೇನ್ ಎಂಬ ಇನ್ನೊಂದು ಸಿಮ್ಯುಲೇಟರ್ ಬಳಸುವವರಿಗೆ ಅದರ ಮೂಲ 737-800 ವಿಮಾನವನ್ನು ಆಧರಿಸಿ ಬೆಳೆದ ಜಿಬೊ ಆವೃತ್ತಿಯಿದೆ. ಹಣ ಕೊಟ್ಟು ಕೊಳ್ಳುವ ಅನೇಕ ವಿಮಾನಗಳಿಗಿಂತ ಇವು ಆಳವಾಗಿವೆ ಎಂದು ನಾನು ಹಿಂಜರಿಕೆಯಿಲ್ಲದೆ ಹೇಳುತ್ತೇನೆ. ಹೊಸಬರು ಮೊದಲು ಇವುಗಳಲ್ಲಿ ಕೆಲವು ತಿಂಗಳು ಕಳೆದು, ತಮಗೆ ಬೇಕಾದದ್ದು ಏನೆಂದು ತಿಳಿದುಕೊಂಡು, ಆಮೇಲೆ ಖರ್ಚು ಮಾಡುವುದು ಒಳ್ಳೆಯದು.

ಇಷ್ಟು ವಿವರವಾದ ಕಾಕ್‌ಪಿಟ್‌ಗಳು ಮೊದಲಿನಿಂದಲೂ ಇದ್ದವೇ?

ಇರಲಿಲ್ಲ. ಬ್ರೂಸ್ ಆರ್ಟ್‌ವಿಕ್ ರೂಪಿಸಿದ ತಂತ್ರಾಂಶವನ್ನು ಆಧರಿಸಿ 1982ರಲ್ಲಿ ಮೈಕ್ರೋಸಾಫ್ಟ್ ಹೊರತಂದ ಮೊದಲ ಸಿಮ್ಯುಲೇಟರಿನಲ್ಲಿ ಇದ್ದದ್ದು ಸೆಸ್ನಾ 182 ಎಂಬ ಪುಟ್ಟ ವಿಮಾನ ಮತ್ತು ಗೆರೆಗಳಲ್ಲಿ ಬಿಡಿಸಿದ ಕೆಲವು ಮೀಟರುಗಳು. ಆ ಬಳಿಕ ಬಹುಕಾಲ ಪ್ರಯಾಣಿಕ ವಿಮಾನದ ಕಾಕ್‌ಪಿಟ್ ಎಂದರೆ ಪರದೆಯ ಮೇಲೆ ಚಪ್ಪಟೆಯಾಗಿ ಅಂಟಿಸಿದ ಚಿತ್ರ. ತಲೆಯ ಮೇಲಿನ ಪ್ಯಾನೆಲ್ ನೋಡಬೇಕಾದರೆ ಒಂದು ಕೀಲಿ ಒತ್ತಿ ಇನ್ನೊಂದು ಚಿತ್ರವನ್ನು ತೆರೆಯಬೇಕಾಗಿತ್ತು. ಆ ಚಪ್ಪಟೆ ಚಿತ್ರಗಳ ಹಿಂದೆಯೂ ಕೆಲವು ತಂಡಗಳು ಅಚ್ಚರಿಪಡುವಷ್ಟು ಆಳವಾದ ವ್ಯವಸ್ಥೆಗಳನ್ನು ಕಟ್ಟಿದ್ದವು ಎಂಬುದನ್ನು ಇಂದಿನ ಹೊಳೆಯುವ ಕಾಕ್‌ಪಿಟ್‌ಗಳ ನಡುವೆ ಮರೆಯಬಾರದು.

2006ರಲ್ಲಿ ಬಂದ ಎಫ್‌ಎಸ್‌ಎಕ್ಸ್ (ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಎಕ್ಸ್) ಕಾಲದ ಹೊತ್ತಿಗೆ ಕಾಕ್‌ಪಿಟ್ ಸುತ್ತಲೂ ತಲೆ ತಿರುಗಿಸಿ ನೋಡಬಹುದಾದ ಕೋಣೆಯಾಯಿತು. 2011ರಲ್ಲಿ ಬಂದ ಪಿಎಂಡಿಜಿ ಸಂಸ್ಥೆಯ 737 ಎನ್‌ಜಿಎಕ್ಸ್ ಆ್ಯಡ್-ಆನ್ ಆ ಕಾಲದ ಮಟ್ಟವನ್ನೇ ಬದಲಿಸಿತು. ಆದರೆ ಎಫ್‌ಎಸ್‌ಎಕ್ಸ್ 32 ಬಿಟ್ ತಂತ್ರಾಂಶವಾದ್ದರಿಂದ ಅದು ಬಳಸಬಹುದಾದ ಮೆಮೊರಿ 4 ಜಿಬಿಯನ್ನು ಮೀರುವಂತಿರಲಿಲ್ಲ. ವಿವರವಾದ ವಿಮಾನ, ವಿವರವಾದ ವಿಮಾನ ನಿಲ್ದಾಣ ಮತ್ತು ದಟ್ಟ ಮೋಡ ಮೂರೂ ಒಟ್ಟಿಗೆ ಸೇರಿದರೆ, ಎಂಟು ಗಂಟೆ ಹಾರಿ ಇನ್ನೇನು ಇಳಿಯಬೇಕು ಎನ್ನುವಾಗ ಮೆಮೊರಿ ತೀರಿಹೋಗಿ ಎಲ್ಲವೂ ಮುಚ್ಚಿಕೊಳ್ಳುತ್ತಿತ್ತು. ಆ ನೋವನ್ನು ಅನುಭವಿಸಿದವರಿಗೆ 2017ರಲ್ಲಿ ಲಾಕ್‌ಹೀಡ್ ಮಾರ್ಟಿನ್ ಸಂಸ್ಥೆಯ ಪ್ರಿಪೇರ್3ಡಿ ಸಿಮ್ಯುಲೇಟರ್ ತನ್ನ ನಾಲ್ಕನೆಯ ಆವೃತ್ತಿಯಲ್ಲಿ 64 ಬಿಟ್‌ಗೆ ಬದಲಾದದ್ದು ಎಷ್ಟು ದೊಡ್ಡ ಬಿಡುಗಡೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ದಾರಿಯೂ ಆಗಲೇ ತೆರೆದುಕೊಂಡಿತ್ತು. ಮೆಜೆಸ್ಟಿಕ್ ತಂಡದ ಡ್ಯಾಶ್ 8 ಕ್ಯೂ400 ವಿಮಾನದ ಹಾರಾಟದ ಲೆಕ್ಕಾಚಾರ ಎಫ್‌ಎಸ್‌ಎಕ್ಸ್‌ನ ಹೊರಗೆ ನಡೆಯುತ್ತಿತ್ತು, ಸಿಮ್ಯುಲೇಟರ್ ಅದರ ಫಲಿತಾಂಶವನ್ನು ತೋರಿಸುವ ಕಿಟಕಿಯಂತಿತ್ತು. 2022ರ ಮೇ ತಿಂಗಳಲ್ಲಿ ಬಂದ ಫೀನಿಕ್ಸ್ ಎ320 ಕೂಡ ತನ್ನ ವ್ಯವಸ್ಥೆಗಳನ್ನು ಪ್ರತ್ಯೇಕ ತಂತ್ರಾಂಶವಾಗಿ ಹೊರಗೆ ಓಡಿಸುತ್ತದೆ. ಸಿಮ್ಯುಲೇಟರಿನ ಮಿತಿ ವಿಮಾನದ ಮಿತಿಯಾಗಬಾರದು ಎಂಬ ಹಟ ಇವೆರಡರಲ್ಲೂ ಕಾಣುತ್ತದೆ.

ಏರ್‌ಬಸ್ ಆ್ಯಡ್-ಆನ್‌ನಲ್ಲಿ ಮೊದಲು ಪರೀಕ್ಷಿಸಬೇಕಾದದ್ದು ಯಾವುದು?

ಆಟೋಪೈಲಟ್ ಮತ್ತು ಆಟೋಥ್ರಸ್ಟ್‌ನ (ಎಂಜಿನ್‌ಗಳ ಬಲವನ್ನು ತಾನಾಗಿ ಹೊಂದಿಸುವ ವ್ಯವಸ್ಥೆಯ) ಮೋಡ್‌ಗಳು. ಮುಖ್ಯ ಪರದೆಯ ತುದಿಯಲ್ಲಿ ಹಸಿರು, ನೀಲಿ ಅಕ್ಷರಗಳಲ್ಲಿ ಮೂಡುವ ಎಫ್‌ಎಂಎ ಎಂಬ ಸಾಲನ್ನು ಓದಲು ಕಲಿಯದವರು ಏರ್‌ಬಸ್ ಹಾರಿಸಲು ಕಲಿತಿಲ್ಲವೆಂದೇ ಅರ್ಥ. ಇದೇಕೆ ಇಷ್ಟು ಮುಖ್ಯ ಎಂಬುದಕ್ಕೆ ದೂರದ ಉದಾಹರಣೆ ಬೇಡ, ಬೆಂಗಳೂರಿನದೇ ಇದೆ.

1990ರ ಫೆಬ್ರುವರಿ 14ರಂದು ಅಂದಿನ ಬೊಂಬಾಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸ್‌ನ 605ನೆಯ ಹಾರಾಟ, ಹೊಚ್ಚಹೊಸ ಎ320 ವಿಮಾನ, ಎಚ್‌ಎಎಲ್ ವಿಮಾನ ನಿಲ್ದಾಣದಲ್ಲಿ ಇಳಿಯುವ ಕೊನೆಯ ಘಟ್ಟದಲ್ಲಿ ರನ್‌ವೇ ತಲುಪುವ ಮೊದಲೇ ಗಾಲ್ಫ್ ಮೈದಾನದಲ್ಲಿ ನೆಲಕ್ಕೆ ಅಪ್ಪಳಿಸಿತು. ವಿಮಾನದಲ್ಲಿದ್ದ 146 ಮಂದಿಯಲ್ಲಿ 92 ಮಂದಿ ಪ್ರಾಣ ಕಳೆದುಕೊಂಡರು. ಆ ಕೊನೆಯ ಕ್ಷಣಗಳಲ್ಲಿ ವಿಮಾನ ಓಪನ್ ಡಿಸೆಂಟ್ ಎಂಬ ಮೋಡ್‌ನಲ್ಲಿತ್ತು. ಆ ಮೋಡ್‌ನಲ್ಲಿ ಆಟೋಥ್ರಸ್ಟ್ ಎಂಜಿನ್‌ಗಳನ್ನು ಐಡಲ್‌ನಲ್ಲಿ (ಕನಿಷ್ಠ ಬಲದಲ್ಲಿ) ಇಟ್ಟಿರುತ್ತದೆ, ವೇಗವನ್ನು ಕಾಯುವ ಹೊಣೆ ಮೂತಿಯ ಏರಿಳಿತದ ಮೇಲೆ ಬೀಳುತ್ತದೆ. ಎತ್ತರದಿಂದ ಇಳಿಯುವಾಗ ಇದು ಸಹಜವಾದ ಮೋಡ್. ನೆಲದ ಸಮೀಪದಲ್ಲಿ, ಇಳಿಯುವ ಹಾದಿಯನ್ನು ಉಳಿಸಿಕೊಳ್ಳಲು ಮೂತಿಯನ್ನು ಎತ್ತುತ್ತ ಹೋದರೆ, ವೇಗ ಕುಸಿಯುತ್ತಿದ್ದರೂ ಎಂಜಿನ್‌ಗಳು ನೆರವಿಗೆ ಬರುವುದಿಲ್ಲ. ಬೇಕಾಗಿದ್ದದ್ದು ವೇಗವನ್ನು ತಾನೇ ಕಾಯುವ ಸ್ಪೀಡ್ ಮೋಡ್. ಇಬ್ಬರು ಪೈಲಟ್‌ಗಳ ಫ್ಲೈಟ್ ಡೈರೆಕ್ಟರ್‌ಗಳನ್ನೂ (ಹೇಗೆ ಹಾರಿಸಬೇಕೆಂದು ಪರದೆಯ ಮೇಲೆ ಗೆರೆಗಳಲ್ಲಿ ತೋರಿಸುವ ಮಾರ್ಗದರ್ಶಿಗಳನ್ನೂ) ಆಫ್ ಮಾಡಿದ್ದರೆ ಆಟೋಥ್ರಸ್ಟ್ ಆ ಮೋಡ್‌ಗೆ ಮರಳುತ್ತಿತ್ತು. ಆದರೆ ಒಂದನ್ನು ಆಫ್ ಮಾಡಿದ ಮೇಲೂ ಇನ್ನೊಂದು ಚಾಲೂ ಉಳಿದಿತ್ತು. ಐಡಲ್‌ನಲ್ಲಿರುವ ಜೆಟ್ ಎಂಜಿನ್ ಪೂರ್ಣ ಬಲಕ್ಕೆ ಏರಲು ಹಲವು ಸೆಕೆಂಡುಗಳು ಬೇಕು, ಅಷ್ಟು ಸಮಯ ಅವರಿಗಿರಲಿಲ್ಲ.

ಈ ದುರಂತವನ್ನು ಆಟದಂತೆ ಮರುಸೃಷ್ಟಿಸಿ ಎಂದು ನಾನು ಖಂಡಿತ ಹೇಳುತ್ತಿಲ್ಲ. ಆದರೆ ಅದು ಕಲಿಸಿದ ವ್ಯತ್ಯಾಸವನ್ನು ನಿಮ್ಮ ಆ್ಯಡ್-ಆನ್ ಬಲ್ಲದೇ ಎಂಬುದನ್ನು ಸುರಕ್ಷಿತ ಎತ್ತರದಲ್ಲಿ ನೋಡಬಹುದು. 10,000 ಅಡಿಯಲ್ಲಿ ಆಟೋಪೈಲಟ್ ಬಿಟ್ಟು, ಓಪನ್ ಡಿಸೆಂಟ್‌ನಲ್ಲಿ ಇಳಿಯುತ್ತ, ಮೊದಲು ಒಂದೇ ಬದಿಯ ಫ್ಲೈಟ್ ಡೈರೆಕ್ಟರ್ ಆಫ್ ಮಾಡಿ. ಆಟೋಥ್ರಸ್ಟ್ ಐಡಲ್‌ನಲ್ಲಿಯೇ ಉಳಿಯಬೇಕು. ಎರಡನೆಯದನ್ನೂ ಆಫ್ ಮಾಡಿದೊಡನೆ ಎಫ್‌ಎಂಎಯಲ್ಲಿ ಸ್ಪೀಡ್ ಎಂಬ ಪದ ಮೂಡಿ ಎಂಜಿನ್‌ಗಳು ವೇಗವನ್ನು ಹಿಡಿಯಲು ಏರಬೇಕು. ಎಡಬದಿಯ ಆಸನವನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡು ಬಲಬದಿಯನ್ನು ಅಲಂಕಾರಕ್ಕೆ ಇಟ್ಟಿರುವ ಆ್ಯಡ್-ಆನ್ ಈ ಪರೀಕ್ಷೆಯಲ್ಲಿ ಸೋಲುತ್ತದೆ. ಅಂಥದ್ದು ಎಷ್ಟೇ ಸುಂದರವಾಗಿರಲಿ, ನನ್ನ ಹಣ ಅದಕ್ಕಿಲ್ಲ.

ನಾಬ್ ಒತ್ತುವುದಕ್ಕೂ ಎಳೆಯುವುದಕ್ಕೂ ಏನು ವ್ಯತ್ಯಾಸ? ಮೌಸಿನಲ್ಲಿ ಅದನ್ನು ಮಾಡುವುದು ಹೇಗೆ?

ಏರ್‌ಬಸ್ಸಿನಲ್ಲಿ ವೇಗ, ದಿಕ್ಕು, ಎತ್ತರದ ನಾಬ್ ಒತ್ತಿದರೆ ಆ ಕೆಲಸವನ್ನು ವಿಮಾನದ ಕಂಪ್ಯೂಟರಿಗೆ ಒಪ್ಪಿಸಿದಂತೆ, ಎಳೆದರೆ ನೀವು ಆಯ್ದ ಅಂಕಿಯನ್ನು ಪಾಲಿಸೆಂದು ಹೇಳಿದಂತೆ. ಒಳ್ಳೆಯ ಆ್ಯಡ್-ಆನ್‌ಗಳಲ್ಲಿ ತಿರುಗಿಸುವುದಕ್ಕೆ ಮೌಸಿನ ಚಕ್ರವನ್ನೂ, ಒತ್ತಲು ಮತ್ತು ಎಳೆಯಲು ಬೇರೆ ಬೇರೆ ಕ್ಲಿಕ್‌ಗಳನ್ನೂ ಇಟ್ಟಿರುತ್ತಾರೆ. ಅವಸರದಲ್ಲಿ ತಪ್ಪು ಕ್ಲಿಕ್ ಆಗುವುದು ಸಾಮಾನ್ಯ. ಹೀಗಾಗಿ ಪ್ರತಿ ಕ್ಲಿಕ್ ಆದ ಮೇಲೆ ಕಣ್ಣು ಎಫ್‌ಎಂಎ ಕಡೆಗೆ ಹೋಗುವುದನ್ನು ಅಭ್ಯಾಸ ಮಾಡಿಕೊಳ್ಳಿ. ನಿಜವಾದ ಪೈಲಟ್‌ಗಳ ತರಬೇತಿಯಲ್ಲೂ ಇದೇ ಶಿಸ್ತು.

ಐಆರ್‌ಎಸ್ (ವಿಮಾನದ ಸ್ಥಾನ, ದಿಕ್ಕು ತಿಳಿಸುವ ಪೆಟ್ಟಿಗೆ) ಹೊಂದಿಕೊಳ್ಳಲು ಹತ್ತು ನಿಮಿಷ ಕಾಯಲೇಬೇಕೇ?

ಕಾಯದೆ ಹಾರುವ ಆಯ್ಕೆಯನ್ನು ಬಹುತೇಕ ಎಲ್ಲ ಆ್ಯಡ್-ಆನ್‌ಗಳೂ ಕೊಡುತ್ತವೆ, ಸಮಯವಿಲ್ಲದ ದಿನ ಅದನ್ನು ಬಳಸುವುದರಲ್ಲಿ ತಪ್ಪಿಲ್ಲ. ಆದರೆ ಒಮ್ಮೆಯಾದರೂ ಪೂರ್ಣವಾಗಿ ಕಾಯಬೇಕೆಂದು ಶಿಫಾರಸು ಮಾಡುತ್ತೇನೆ, ಏಕೆಂದರೆ ಆ ನಿಮಿಷಗಳಲ್ಲಿ ನಡೆಯುವ ಕೆಲಸ ಸೋಜಿಗದ್ದು. ಆ ಪೆಟ್ಟಿಗೆಯೊಳಗಿನ ಲೇಸರ್ ಜೈರೋಗಳು ನಿಂತ ವಿಮಾನದಲ್ಲಿ ಕುಳಿತು ಭೂಮಿಯ ತಿರುಗುವಿಕೆಯನ್ನೇ ಅಳೆದು, ಅದರಿಂದ ಉತ್ತರ ದಿಕ್ಕು ಯಾವುದೆಂದು ಕಂಡುಕೊಳ್ಳುತ್ತವೆ. ಧ್ರುವಗಳ ಕಡೆಗೆ ಹೋದಂತೆ ಈ ಅಳತೆ ಕಷ್ಟವಾಗುತ್ತದೆ. ಹಾಗಾಗಿ 737ರಲ್ಲಿ ಸಮಭಾಜಕದ ಬಳಿ ಸುಮಾರು ಐದು ನಿಮಿಷಕ್ಕೆ ಮುಗಿಯುವ ಕೆಲಸ ದೂರದ ಉತ್ತರದಲ್ಲಿ ಹದಿನೇಳು ನಿಮಿಷದವರೆಗೆ ಹಿಡಿಯುತ್ತದೆ. ಬೆಂಗಳೂರಿನಲ್ಲಿಯೂ ನಾರ್ವೆಯ ಉತ್ತರ ತುದಿಯಲ್ಲಿಯೂ ಒಂದೇ ಸಮಯ ತೆಗೆದುಕೊಳ್ಳುವ 737 ಆ್ಯಡ್-ಆನ್‌ನಲ್ಲಿ ಇರುವುದು ಗಡಿಯಾರವೇ ಹೊರತು ಐಆರ್‌ಎಸ್ ಅಲ್ಲ.

ಈ ಕೆಲಸ ನಡೆಯುವಾಗ ವಿಮಾನ ಅಲುಗಾಡಬಾರದು. ಒಮ್ಮೆ ನಾನು ಅವಸರದಿಂದ ಅದು ಮುಗಿಯುವ ಮುನ್ನವೇ ಪುಷ್‌ಬ್ಯಾಕ್‌ಗೆ ಹೇಳಿಬಿಟ್ಟೆ. ವಿಮಾನ ಹಿಂದಕ್ಕೆ ಸರಿದೊಡನೆ ದೋಷದ ಸೂಚನೆ ಬಂತು, ನಕ್ಷೆ ಮಾಯವಾಯಿತು, ಮತ್ತೆ ಮೊದಲಿನಿಂದ ಆರಂಭಿಸಬೇಕಾಯಿತು. ಅಂದು ಆ ಆ್ಯಡ್-ಆನ್ ರೂಪಿಸಿದವರ ಬಗ್ಗೆ ನನಗೆ ಹುಟ್ಟಿದ ಗೌರವ ಇಂದಿಗೂ ಕಡಿಮೆಯಾಗಿಲ್ಲ.

ಎಂಜಿನ್ ಚಾಲೂ ಮಾಡುವುದರಲ್ಲಿ ನೈಜತೆಯನ್ನು ಗುರುತಿಸುವುದು ಹೇಗೆ?

737 ಎನ್‌ಜಿಯಲ್ಲಿ (ಮ್ಯಾಕ್ಸ್‌ಗಿಂತ ಹಿಂದಿನ ತಲೆಮಾರಿನ 737ರಲ್ಲಿ) ಈ ಕೆಲಸ ಇನ್ನೂ ಪೈಲಟ್‌ನ ಕೈಯಲ್ಲಿದೆ. ಏರ್ ಕಂಡಿಷನಿಂಗ್ ಪ್ಯಾಕ್‌ಗಳನ್ನು ಆಫ್ ಮಾಡಿ ಗಾಳಿಯ ಒತ್ತಡವನ್ನು ಸ್ಟಾರ್ಟರಿಗೆ ಉಳಿಸಿಕೊಡಬೇಕು. ಸ್ಟಾರ್ಟ್ ಸ್ವಿಚ್ಚನ್ನು ತಿರುಗಿಸಿದ ಮೇಲೆ ಎನ್2 (ಎಂಜಿನ್‌ನ ಒಳಗಿನ ದಂಡ ತಿರುಗುವ) ವೇಗ ಸುಮಾರು 25 ಪ್ರತಿಶತ ತಲುಪುವವರೆಗೆ ಕಾದು, ಆಗ ಲಿವರ್ ಎತ್ತಿ ಇಂಧನ ಕೊಡಬೇಕು. ಎನ್2 ಸುಮಾರು 56 ಪ್ರತಿಶತ ಆದಾಗ ಸ್ಟಾರ್ಟ್ ಸ್ವಿಚ್ ತಾನಾಗಿ ಹಿಂದಕ್ಕೆ ಬೀಳುತ್ತದೆ. ಈಗ ತಪ್ಪು ಮಾಡಿ ನೋಡಿ. ಎಂಜಿನ್ ಸಾಕಷ್ಟು ತಿರುಗುವ ಮೊದಲೇ ಇಂಧನ ಕೊಟ್ಟರೆ ಒಳಗಿನ ಗಾಳಿ ಸಾಲದೆ ಉಷ್ಣತೆ ವೇಗವಾಗಿ ಮೇಲೇರಬೇಕು, ಚಾಲೂ ಮಾಡುವಾಗಿನ ಮಿತಿಯಾದ 725 ಡಿಗ್ರಿ ಸೆಲ್ಸಿಯಸ್ ಕಡೆಗೆ ಮುಳ್ಳು ಓಡಬೇಕು. ಏನೂ ಆಗದೆ ಎಂಜಿನ್ ಎಂದಿನಂತೆ ಚಾಲೂ ಆದರೆ ನೀವು ನೋಡುತ್ತಿರುವುದು ಒಂದು ಅನಿಮೇಷನ್.

ಎ320ರಲ್ಲಿ ಇದನ್ನೆಲ್ಲ ಕಂಪ್ಯೂಟರ್ ಮಾಡುತ್ತದೆ, ಆದರೆ ಅಲ್ಲಿ ಎಂಜಿನ್‌ನ ತಳಿ ಮುಖ್ಯ. ಸಿಎಫ್‌ಎಂ ಎಂಜಿನ್‌ನ ಹಳೆಯ ಎ320ರಲ್ಲಿ ಬಲವನ್ನು ಎನ್1 (ಮುಂಭಾಗದ ಫ್ಯಾನ್ ತಿರುಗುವ ವೇಗ) ಅಂಕಿಯಲ್ಲಿ ಹೊಂದಿಸಲಾಗುತ್ತದೆ, ಐಎಇ ವಿ2500 ಎಂಜಿನ್‌ನಲ್ಲಿ ಇಪಿಆರ್ ಎಂಬ ಒತ್ತಡದ ಅನುಪಾತದಲ್ಲಿ. ಪರದೆಯ ಮೇಲಿನ ಮೀಟರುಗಳೇ ಬೇರೆ, ಸದ್ದೂ ಬೇರೆ. ನಿಯೋ ಎಂಜಿನ್‌ಗಳು ಚಾಲೂ ಆಗಲು ಇನ್ನೂ ನಿಧಾನ. ನಿಂತ ಎಂಜಿನ್‌ನಲ್ಲಿ ಬಿಸಿ ಗಾಳಿ ಮೇಲೇರಿ ಒಳಗಿನ ದಂಡದ ಮೇಲ್ಭಾಗ ಕೆಳಭಾಗಕ್ಕಿಂತ ಹೆಚ್ಚು ಬಿಸಿಯಾಗುವುದರಿಂದ ಅದು ಕೂದಲೆಳೆಯಷ್ಟು ಬಾಗುತ್ತದೆ, ಇಂಧನ ಕೊಡುವ ಮುನ್ನ ಸ್ವಲ್ಪ ಹೊತ್ತು ಬರಿದೇ ತಿರುಗಿಸಿ ಅದನ್ನು ಸಮವಾಗಿ ತಣಿಸಬೇಕಾಗುತ್ತದೆ. ಈಚಿನ ವರ್ಷಗಳಲ್ಲಿ ಎ320ನಿಯೋದಲ್ಲಿ ಕುಳಿತು ಪ್ರಯಾಣಿಸಿದವರು ಈ ವಿಳಂಬವನ್ನು ಕಾರಣ ತಿಳಿಯದೆಯೇ ಅನುಭವಿಸಿರಬಹುದು.

ಕೈಯಾರೆ ಹಾರಿಸುವಾಗ ಎ320 ಮತ್ತು 737 ಬೇರೆ ಬೇರೆ ಎನಿಸಬೇಕೇ?

ಎನಿಸಲೇಬೇಕು. 737ರಲ್ಲಿ ವೇಗ ಬದಲಾದರೆ ಮೂತಿ ಏಳುತ್ತದೆ ಅಥವಾ ಬೀಳುತ್ತದೆ, ನೀವು ಟ್ರಿಮ್ ಮಾಡುತ್ತಲೇ (ಮೂತಿ ನೆಲೆನಿಲ್ಲುವಂತೆ ಬಾಲವನ್ನು ಹೊಂದಿಸುತ್ತಲೇ) ಇರಬೇಕು. ಎ320ರಲ್ಲಿ ಸೈಡ್‌ಸ್ಟಿಕ್ ಎಂಬ ಪಕ್ಕದ ಕೋಲನ್ನು ಬಿಟ್ಟರೆ ವಿಮಾನ ಇದ್ದ ಹಾದಿಯಲ್ಲೇ ಇರುತ್ತದೆ, ಟ್ರಿಮ್ ತಾನಾಗಿ ನಡೆಯುತ್ತದೆ. 33 ಡಿಗ್ರಿಗಿಂತ ಹೆಚ್ಚು ವಾಲಿಸಿ ಸ್ಟಿಕ್ ಬಿಟ್ಟರೆ ಅದು 33 ಡಿಗ್ರಿಗೆ ಮರಳುತ್ತದೆ, ಎಷ್ಟೇ ಒತ್ತಿ ಹಿಡಿದರೂ 67 ಡಿಗ್ರಿಯನ್ನು ಮೀರಲು ಬಿಡುವುದಿಲ್ಲ. ಇಳಿಯುವಾಗಿನ ನಡವಳಿಕೆ ಇನ್ನೂ ಸೂಕ್ಷ್ಮ. 50 ಅಡಿಯಲ್ಲಿ ಕಂಪ್ಯೂಟರ್ ಆ ಕ್ಷಣದ ಮೂತಿಯ ಕೋನವನ್ನು ನೆನಪಿಟ್ಟುಕೊಂಡು, 30 ಅಡಿಯಿಂದ ಅದನ್ನು ಮೆಲ್ಲಗೆ ಇಳಿಸತೊಡಗುತ್ತದೆ, ಪೈಲಟ್ ಸಹಜವಾಗಿ ಸ್ಟಿಕ್ಕನ್ನು ಹಿಂದಕ್ಕೆ ಎಳೆಯಲಿ ಎಂಬ ಉದ್ದೇಶದಿಂದ. ಉತ್ತಮ ಆ್ಯಡ್-ಆನ್‌ನಲ್ಲಿ ಈ ಸಣ್ಣ ತಳ್ಳುವಿಕೆ ಕೈಗೆ ತಿಳಿಯುತ್ತದೆ.

ಸದ್ದು, ಸವೆದ ಬಣ್ಣ, ಧೂಳು ಇವೆಲ್ಲ ಮುಖ್ಯವೇ?

ಮುಖ್ಯ, ಆದರೆ ಎರಡನೆಯ ಸಾಲಿನಲ್ಲಿ. ಲಿವರಿನ ಅಂಚಿನಲ್ಲಿ ಬಣ್ಣ ಸವೆದಿರುವುದು, ಪರದೆಗಳ ಹಿಂದಿನ ಫ್ಯಾನುಗಳ ಏಕನಾದ ವಿದ್ಯುತ್ ಮೂಲ ಬದಲಾದಾಗ ಒಂದು ಕ್ಷಣ ತಡವರಿಸುವುದು, ಇವು ಆ ಕೋಣೆಯಲ್ಲಿ ಮನುಷ್ಯರು ದುಡಿದಿದ್ದಾರೆ ಎಂಬ ಭಾವನೆ ಹುಟ್ಟಿಸುತ್ತವೆ. ನನಗೆ ಸದ್ದು ಚಿತ್ರಕ್ಕಿಂತ ಒಂದು ತೂಕ ಹೆಚ್ಚು.

ಎಷ್ಟೇ ಒಳ್ಳೆಯ ಆ್ಯಡ್-ಆನ್ ಆದರೂ ಇಂದಿಗೂ ಸಾಧ್ಯವಾಗದೆ ಉಳಿದಿರುವುದು ಏನು?

ಹವಾಮಾನ ರೇಡಾರ್ ಬಹುಕಾಲ ದೊಡ್ಡ ಕೊರತೆಯಾಗಿತ್ತು. ಮೈಕ್ರೋಸಾಫ್ಟ್‌ನ 2020ರ ಸಿಮ್ಯುಲೇಟರ್ ಮೋಡಗಳನ್ನು ಅದ್ಭುತವಾಗಿ ತೋರಿಸುತ್ತದೆ, ಆದರೆ ಅವುಗಳ ಎತ್ತರ ಮತ್ತು ಒಳಗಿನ ಮಳೆಯ ವಿವರವನ್ನು ಹೊರಗಿನ ತಯಾರಕರಿಗೆ ಬೇಕಾದಷ್ಟು ಕೊಡಲಿಲ್ಲ. ಆ್ಯಂಟೆನಾವನ್ನು ಮೇಲೆ ಕೆಳಗೆ ವಾಲಿಸಿ ಗುಡುಗುಮೋಡದ ತುದಿಯನ್ನೂ ಬುಡವನ್ನೂ ಬೇರೆ ಬೇರೆಯಾಗಿ ನೋಡುವ ನಿಜವಾದ ರೇಡಾರಿನ ಕೌಶಲ ಹೀಗಾಗಿ ಕೈಗೆಟುಕಲಿಲ್ಲ. ಮುಂಗಾರಿನಲ್ಲಿ ಮಂಗಳೂರಿಗೆ ಹಾರುವವರಿಗೆ ಈ ಕೊರತೆ ಎದ್ದು ಕಾಣುತ್ತದೆ.

ಉಳಿದದ್ದು ದೇಹಕ್ಕೆ ಸಂಬಂಧಿಸಿದ್ದು. ಬೆನ್ನು ಆಸನಕ್ಕೆ ಒತ್ತುವುದು, ರನ್‌ವೇಯ ಅದುರುವಿಕೆ, 737ರ ಯೋಕ್ (ಚುಕ್ಕಾಣಿ) ಎಳೆಯಲು ಬೇಕಾದ ನಿಜವಾದ ತೋಳ್ಬಲ ಮೇಜಿನ ಮೇಲಿನ ಸ್ಪ್ರಿಂಗ್ ಜಾಯ್‌ಸ್ಟಿಕ್‌ನಿಂದ ಸಿಗುವುದಿಲ್ಲ. ಈ ವಿಷಯದಲ್ಲಿ ಮನೆಯ ಎ320 ನಿಜಕ್ಕೆ ಹೆಚ್ಚು ಹತ್ತಿರ, ಏಕೆಂದರೆ ನಿಜವಾದ ಸೈಡ್‌ಸ್ಟಿಕ್ ಕೂಡ ಸ್ಪ್ರಿಂಗ್‌ನಿಂದ ನಡುವಿಗೆ ಮರಳುವ ಸಣ್ಣ ಕೋಲೇ.

ದೋಷಗಳನ್ನು ಚಾಲೂ ಇಟ್ಟು ಹಾರಿಸಬೇಕೇ?

ವಿಮಾನ ಕೈಗೆ ಒಗ್ಗಿದ ಮೇಲೆ, ಹೌದು. ವ್ಯವಸ್ಥೆಗಳ ಆಳ ಕಾಣುವುದು ಅವು ಕೆಟ್ಟಾಗಲೇ. ಎ320ರಲ್ಲಿ ಆಕಾಶದಲ್ಲಿರುವಾಗ ಎರಡು ಎಂಜಿನ್‌ಗಳ ಜನರೇಟರುಗಳನ್ನೂ ಕಳೆದುಕೊಂಡರೆ, ಎಪಿಯು ಎಂಬ ಬಾಲದ ಸಹಾಯಕ ಎಂಜಿನ್ ಓಡುತ್ತಿಲ್ಲವಾದರೆ, ವಿಮಾನದ ಹೊಟ್ಟೆಯಿಂದ ರ‍್ಯಾಟ್ ಎಂಬ ಪುಟ್ಟ ಗಾಳಿಯಂತ್ರ ಹೊರಬಂದು ನೀಲಿ ಹೈಡ್ರಾಲಿಕ್‌ಗೆ ಒತ್ತಡ ಕೊಡುತ್ತದೆ, ಆ ಒತ್ತಡದಿಂದ ತುರ್ತು ಜನರೇಟರ್ ತಿರುಗುತ್ತದೆ. ನಡುವಿನ ಕೆಲವು ಕ್ಷಣ ಬ್ಯಾಟರಿಯೇ ಗತಿ. ಬಲಬದಿಯ ಪರದೆಗಳು ಕಪ್ಪಾಗುತ್ತವೆ, ಕ್ಯಾಪ್ಟನ್ ಬದಿಯವು ಉಳಿಯುತ್ತವೆ. ಸೈಡ್‌ಸ್ಟಿಕ್‌ನ ಆದೇಶವನ್ನು ಕಂಪ್ಯೂಟರ್ ಪಾಲಿಸುವ ನಿಯಮ, ರಕ್ಷಣೆಗಳು ಕಡಿಮೆಯಾದ ಆಲ್ಟರ್ನೇಟ್ ಲಾಗೆ ಇಳಿಯುತ್ತದೆ, ಚಕ್ರಗಳನ್ನು ಇಳಿಸಿದಾಗ ಡೈರೆಕ್ಟ್ ಲಾಗೆ ಹೋಗಿ, ಅಲ್ಲಿಯವರೆಗೆ ತಾನಾಗಿ ನಡೆಯುತ್ತಿದ್ದ ಟ್ರಿಮ್ ಈಗ ನಿಮ್ಮ ಕೈಚಕ್ರದ ಪಾಲಾಗುತ್ತದೆ. ಒಂದು ಕೊಂಡಿಯಿಂದ ಇನ್ನೊಂದು ಕೊಂಡಿಗೆ ಸಾಗುವ ಈ ಸರಪಳಿಯನ್ನು ಪೂರ್ತಿಯಾಗಿ ಕಟ್ಟಿದ ತಂಡದ ಶ್ರಮ ಆ ಹದಿನೈದು ನಿಮಿಷಗಳಲ್ಲಿ ಕಣ್ಣಿಗೆ ಕಟ್ಟುತ್ತದೆ. ಇಂಥದನ್ನು ಎಕ್ಸ್-ಪ್ಲೇನ್‌ನ ಟೋಲಿಸ್ ಏರ್‌ಬಸ್‌ಗಳಲ್ಲಿ ಹಾರಾಟದ ಸ್ಥಿತಿಯನ್ನು ಉಳಿಸಿಟ್ಟು ಮತ್ತೆ ಮತ್ತೆ ಅಭ್ಯಾಸ ಮಾಡಬಹುದು, ಕಲಿಯುವವರಿಗೆ ಅದು ದೊಡ್ಡ ಅನುಕೂಲ.

ಎಐಆರ್‌ಎಸಿ ಎಂದರೇನು? ಅದನ್ನು ಹೊಸದಾಗಿಸುತ್ತಲೇ ಇರಬೇಕೇ?

ಜಗತ್ತಿನ ವಾಯುಮಾರ್ಗ, ರನ್‌ವೇ, ರೇಡಿಯೊ ಕೇಂದ್ರಗಳ ಮಾಹಿತಿ ಪ್ರತಿ 28 ದಿನಕ್ಕೊಮ್ಮೆ ಹೊಸದಾಗುತ್ತದೆ. ಆ ಆವರ್ತವೇ ಎಐಆರ್‌ಎಸಿ. ಒಬ್ಬರೇ ಹಾರಿಸುವವರಿಗೆ ಹಳೆಯ ಮಾಹಿತಿ ಸಾಕಾಗುತ್ತದೆ. ವ್ಯಾಟ್‌ಸಿಮ್‌ನಂತಹ ಜಾಲದಲ್ಲಿ ನಿಜವಾದ ಮನುಷ್ಯರು ಕೊಡುವ ನಿಯಂತ್ರಣದಡಿ ಹಾರುವವರಿಗೆ ಹೊಸದು ಇದ್ದರೆ ಒಳ್ಳೆಯದು.

ನನ್ನ ಕಂಪ್ಯೂಟರ್ ಇದನ್ನು ತಾಳುತ್ತದೆಯೇ?

ಗ್ರಾಫಿಕ್ಸ್ ಕಾರ್ಡಿನ ಮೆಮೊರಿ ಮೊದಲು ನೋಡಿ. ಕಾಕ್‌ಪಿಟ್‌ನ ಸಣ್ಣ ಅಕ್ಷರಗಳು ಸ್ಪಷ್ಟವಾಗಿರಲು ದೊಡ್ಡ ಚಿತ್ರಗಳು ಬೇಕು, ಅವು ಅಲ್ಲೇ ತುಂಬಿಕೊಳ್ಳುತ್ತವೆ. ಪರದೆಗಳ ಲೆಕ್ಕಾಚಾರ ಪ್ರೊಸೆಸರಿನ ಮೇಲೆ ಬೀಳುತ್ತದೆ. ಎರಡೂ ಸಾಧಾರಣವಾಗಿದ್ದರೆ ಹೊರಗಿನ ದೃಶ್ಯದ ವಿವರ ತಗ್ಗಿಸಿ, ಕಾಕ್‌ಪಿಟ್‌ನದನ್ನು ಉಳಿಸಿಕೊಳ್ಳಿ.

ಇದರಿಂದ ನಿಜವಾದ ಪೈಲಟ್ ಆಗಲು ನೆರವಾಗುತ್ತದೆಯೇ?

ಮನೆಯಲ್ಲಿ ಕಳೆದ ಗಂಟೆಗಳು ಯಾವ ಲಾಗ್‌ಬುಕ್‌ಗೂ ಸೇರುವುದಿಲ್ಲ. ವಿಮಾನದ ತಳಿಗೆ ತಕ್ಕ ಪರವಾನಗಿ ತರಬೇತಿ ನಡೆಯುವುದು ಚಲಿಸುವ ಕಾಲುಗಳ ಮೇಲೆ ನಿಂತ, ಮಾನ್ಯತೆ ಪಡೆದ ಪೂರ್ಣ ಪ್ರಮಾಣದ ಸಿಮ್ಯುಲೇಟರುಗಳಲ್ಲಿ. ಬೆಂಗಳೂರಿನಲ್ಲಿಯೂ ಅಂಥ ತರಬೇತಿ ಕೇಂದ್ರವಿದೆ. ಆದರೂ ಸ್ವಿಚ್‌ಗಳು ಎಲ್ಲಿವೆ, ಯಾವ ಕ್ರಮದಲ್ಲಿ ಕೈ ಓಡಬೇಕು, ಎಫ್‌ಎಂಎ ಏನು ಹೇಳುತ್ತಿದೆ ಎಂಬ ಅಭ್ಯಾಸಕ್ಕೆ ಒಳ್ಳೆಯ ಆ್ಯಡ್-ಆನ್ ನಿಶ್ಚಯವಾಗಿ ಉಪಯೋಗಕ್ಕೆ ಬರುತ್ತದೆ. ಒಂದು ಎಚ್ಚರಿಕೆ: ಆ್ಯಡ್-ಆನ್ ತಪ್ಪಾಗಿ ಕಲಿಸಿದ್ದನ್ನು ಮರೆಯುವುದು ಹೊಸದಾಗಿ ಕಲಿಯುವುದಕ್ಕಿಂತ ಕಷ್ಟ. ತರಬೇತಿಗೆ ಸೇರುವವರು ಸಂಸ್ಥೆ ಕೊಡುವ ಕೈಪಿಡಿಯನ್ನೇ ನಂಬಬೇಕು.

ಹೊಸ 737 ಆ್ಯಡ್-ಆನ್ ಕೊಂಡಿದ್ದೇನೆ. ಒಂದೇ ಹಾರಾಟದಲ್ಲಿ ಅದರ ಆಳ ತಿಳಿಯಲು ಎಲ್ಲಿಂದ ಎಲ್ಲಿಗೆ ಹೋಗಲಿ?

ಮಂಗಳೂರಿನಿಂದ ಬೆಂಗಳೂರಿಗೆ. ಬಜಪೆಯ ಮೇಜಿನಂತಹ ಗುಡ್ಡದ ಮೇಲಿನ 2450 ಮೀಟರ್ ರನ್‌ವೇಯಿಂದ ಹೊರಡಲು ಟೇಕಾಫ್ ಲೆಕ್ಕವನ್ನು ಮನಸ್ಸಿಟ್ಟು ಮಾಡಬೇಕು, ಹಾರಾಟ ಒಂದು ಗಂಟೆಗಿಂತ ಕಡಿಮೆಯಾದ್ದರಿಂದ ಕೆಲಸಗಳು ಒಂದರ ಮೇಲೊಂದು ಬರುತ್ತವೆ. ಮುಖ್ಯವಾದದ್ದು ತಲೆಯ ಮೇಲಿನ ಪ್ಯಾನೆಲಿನ ಬಲಬದಿಯಲ್ಲಿರುವ ಕ್ಯಾಬಿನ್ ಒತ್ತಡದ ಪುಟ್ಟ ಕಿಟಕಿ. ಇಳಿಯುವ ನಿಲ್ದಾಣದ ಎತ್ತರವನ್ನು ಏರ್‌ಬಸ್ ತಾನೇ ತಿಳಿದುಕೊಳ್ಳುತ್ತದೆ. 737 ಎನ್‌ಜಿಯಲ್ಲಿ ಅದನ್ನು ಪೈಲಟ್ ಕೈಯಾರೆ ತಿರುಗಿಸಿ ಇಡಬೇಕು. ದೇವನಹಳ್ಳಿಯ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 3000 ಅಡಿ ಎತ್ತರದಲ್ಲಿದೆ. ಬೇಕೆಂದೇ ಅಲ್ಲಿ ಮಂಗಳೂರಿನ ಎತ್ತರಕ್ಕೆ ಹತ್ತಿರದ 350 ಅಡಿಯನ್ನೇ ಉಳಿಸಿ ಬಂದು ಇಳಿಯಿರಿ. ಚಕ್ರಗಳು ನೆಲ ಮುಟ್ಟುವಾಗಲೂ ಕ್ಯಾಬಿನ್‌ನ ಒಳಗಿನ ಒತ್ತಡ ಹೊರಗಿನದಕ್ಕಿಂತ ಹೆಚ್ಚಾಗಿರಬೇಕು, ಅದನ್ನು ತೋರಿಸುವ ಮುಳ್ಳು ಸೊನ್ನೆಯ ಮೇಲಿರಬೇಕು. ಬಳಿಕ ಹಿಂಭಾಗದ ಕವಾಟ ತೆರೆದುಕೊಂಡು ಕ್ಯಾಬಿನ್ ಎತ್ತರದ ಮುಳ್ಳು ಸರಸರನೆ 3000 ಅಡಿಗೆ ಏರಬೇಕು. ನಿಜವಾದ ವಿಮಾನದಲ್ಲಿ ಆಗ ಹಿಂದಿನ ಸಾಲುಗಳಲ್ಲಿ ಕುಳಿತ ಪ್ರತಿಯೊಬ್ಬರ ಕಿವಿಯೂ ಒಮ್ಮೆಗೇ ಅಡಚಿಕೊಂಡು ಬಿಡುತ್ತಿತ್ತು.